ಒಂದು ಗೇಣು ಕೆಳಗೆ

ಗ್ರಿಲ್ಲಿನ ಮುಂದೆ ನಿಂತವರ ಮುಖ ಮೊದಲು ಎಡಗಡೆ ಬೇಯುತ್ತದೆ. ಕಾರಣ ಸರಳ. ತಟ್ಟೆ ಹೊರಗೆ ಹೋಗುವ ಕಿಂಡಿ ಬಲಗಡೆ ಇದೆ. ಆರ್ಡರಿನ ಚೀಟಿ ಓದುವುದಕ್ಕೆ, ಬಡಿಸುವವರ ಕೂಗಿಗೆ ಓಗೊಡುವುದಕ್ಕೆ, ತಟ್ಟೆ ದಾಟಿಸುವುದಕ್ಕೆ ಬಲಕ್ಕೆ ತಿರುಗಬೇಕು. ಆಗ ಎಡಗೆನ್ನೆ, ಎಡಗಿವಿ, ಎಡಗಣ್ಣನ್ನು ಬೆಂಕಿಗೆ ಒಪ್ಪಿಸಿದ ಹಾಗೆ. ನಮ್ಮ ಹೋಟೆಲಿನಲ್ಲಿ ಗ್ರಿಲ್ಲಿಗೆ ನಿಲ್ಲುತ್ತಿದ್ದವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವಳ ಎಡಗೆನ್ನೆ ಬಲಗೆನ್ನೆಗಿಂತ ಕಪ್ಪಗಿತ್ತು. ಎಡಹುಬ್ಬಿನಲ್ಲಿ ಕೂದಲೇ ಇರಲಿಲ್ಲ. ಸುಟ್ಟು ಸುಟ್ಟು ಅದು ಹುಟ್ಟುವುದನ್ನೇ ಬಿಟ್ಟಿತ್ತು.

ಗ್ರಿಲ್ ಅಂದರೆ ಗೋಡೆಗೆ ನೇತುಹಾಕಿದ ಒಂದು ಕಬ್ಬಿಣದ ಪೆಟ್ಟಿಗೆ. ಮುಂದುಗಡೆ ಬಾಗಿಲಿಲ್ಲ. ಬೇರೆ ಒಲೆಗಳಲ್ಲಿ ಬೆಂಕಿ ಕೆಳಗಿರುತ್ತದೆ, ಇದರಲ್ಲಿ ಮೇಲಿರುತ್ತದೆ. ಒಳಚಾವಣಿಯ ಜಾಲರಿಗಳು ಗ್ಯಾಸಿನಲ್ಲಿ ಕಾದು ಕೆಂಡವಾಗುತ್ತವೆ. ಅದರಡಿ ಬೆಂದ ಆಲೂಗಡ್ಡೆ, ಮೀನು, ಚೀಸ್ ಹೊದಿಸಿದ ಬ್ರೆಡ್ಡು, ಏನಿಟ್ಟರೂ ಎರಡು ಮೂರು ನಿಮಿಷದಲ್ಲಿ ಮೇಲ್ಮೈ ಕೆಂಪಗೆ ಬರುತ್ತದೆ. ಹತ್ತು ಸೆಕೆಂಡು ಹೆಚ್ಚಾದರೆ ಕಪ್ಪು. ಆದ್ದರಿಂದ ನೋಡುತ್ತಲೇ ಇರಬೇಕು. ಪೆಟ್ಟಿಗೆಯ ಬಾಯಿ ಅಕ್ಕನ ಮುಖದ ಎತ್ತರಕ್ಕೆ ಸರಿಯಾಗಿತ್ತು. ನೋಡುವುದೆಂದರೆ ಬೆಂಕಿಯ ಬಾಯಿಗೆ ಮುಖ ಕೊಟ್ಟು ನೋಡುವುದು. ದಿನಕ್ಕೆ ಒಂಬತ್ತು ಗಂಟೆ. ಹನ್ನೊಂದು ವರ್ಷ.

ನಾನು ಅವಳಿಂದ ನಾಲ್ಕು ಹೆಜ್ಜೆ ಆಚೆ ತಟ್ಟೆ ತೊಳೆಯುತ್ತಿದ್ದೆ. ಭೌತಶಾಸ್ತ್ರದಲ್ಲಿ ಪದವಿ ಮುಗಿಸಿ, ಮೂರು ವರ್ಷ ಅರ್ಜಿ ಹಾಕಿ, ಕೊನೆಗೆ ಸಿಂಕಿನ ಮುಂದೆ ಬಂದು ನಿಂತವನು. ಅಡುಗೆಮನೆಯಲ್ಲಿ ಎಲ್ಲರೂ ನನ್ನನ್ನು ಸೈನ್ಸು ಅಂತಲೇ ಕರೆಯುತ್ತಿದ್ದರು. ಸಿಂಕ್ ಕಟ್ಟಿಕೊಂಡರೆ ಮುಖ್ಯ ಅಡುಗೆಯವನಾದ ದೊಡ್ಡಣ್ಣನಿಗೆ ಹಬ್ಬ.

"ಏನ್ ಸೈನ್ಸು, ನೀರು ಮೇಲಿಂದ ಕೆಳಗೆ ಹರಿಯುತ್ತೆ ಅಂತ ನಿಮ್ ಪುಸ್ತಕದಲ್ಲಿತ್ತಲ್ಲ, ಇದು ಓದಿಲ್ಲ ಅನ್ಸುತ್ತೆ" ಎನ್ನುತ್ತಿದ್ದ.

ಗ್ರಿಲ್ಲಿನ ಜಾಗ ಅಕ್ಕನ ಮನೆತನದ್ದು ಎಂಬುದು ಆ ಅಡುಗೆಮನೆಯಲ್ಲಿ ಒಪ್ಪಿತವಾದ ಮಾತು. ಅವಳಿಗಿಂತ ಮೊದಲು ಅವಳ ಅತ್ತೆ ಅಲ್ಲಿ ಹತ್ತು ವರ್ಷ ನಿಂತಿದ್ದಳು. ಅತ್ತೆಯ ಎಡಗಣ್ಣಿಗೆ ಪೊರೆ ಬಂತು, ಆಮೇಲೆ ಬಲಗಣ್ಣಿಗೂ ಬಂತು. ಒಂದು ಶನಿವಾರ ಅತ್ತೆ ಮನೆಗೆ ಹೋದಳು, ಸೋಮವಾರ ಸೊಸೆ ಬಂದಳು. ಅದೇ ಏಪ್ರನ್, ಅದೇ ಇಕ್ಕಳ. ಜಾಗವನ್ನು ಬೇರೆಯವರಿಗೆ ಕೊಡದೆ ಆ ಮನೆಗೇ ಉಳಿಸಿದೆ ಎಂದು ಹೋಟೆಲಿನ ಯಜಮಾನರು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು. ಅಕ್ಕನೂ ಅದನ್ನು ಉಪಕಾರವೆಂದೇ ನಂಬಿದ್ದಳು. ಅತ್ತೆ ಈಗ ಮನೆಯ ಬಾಗಿಲ ಬಳಿ ಕುಳಿತು ಹೆಜ್ಜೆಯ ಸದ್ದಿನಲ್ಲಿ ಜನರನ್ನು ಗುರುತಿಸುತ್ತಾಳೆ.

ನಾನು ಸೇರಿದ ಎರಡನೇ ವರ್ಷ ಅಕ್ಕನ ತಟ್ಟೆಗಳ ಎಡಮೂಲೆ ಹತ್ತತೊಡಗಿತು. ಬಲಗಡೆ ಒಳ್ಳೆಯ ಕೆಂಪು, ಎಡಗಡೆ ಮಸಿ. ಅವಳು ತಲೆಯನ್ನು ಕೋಳಿಯ ಹಾಗೆ ಓರೆ ಮಾಡಿ ಬಲಗಣ್ಣಿನಿಂದ ನೋಡತೊಡಗಿದಳು. ಅದಕ್ಕೆ ಇನ್ನೂ ಹತ್ತಿರ ಬಾಗಬೇಕಿತ್ತು. ಅದೂ ಸಾಲದೆ ಹೋದಾಗ ಕಿವಿಯಿಂದ ಕೆಲಸ ಮಾಡಿದಳು. ಚೀಸ್ ಮೊದಲು ದಪ್ಪ ಗುಳ್ಳೆ ಎದ್ದು ಕುದಿಯುತ್ತದೆ, ನೀರಾರಿದ ಮೇಲೆ ಸದ್ದು ಸಣ್ಣಗಾಗಿ ಚಿಟಿಚಿಟಿ ಎನ್ನುತ್ತದೆ. ಆ ಚಿಟಿಚಿಟಿ ಕೇಳಿದ ಕೂಡಲೆ ತೆಗೆಯಬೇಕು. ನನ್ನ ತಟ್ಟೆಗಳ ಗಲಾಟೆ ಜಾಸ್ತಿಯಾದರೆ ಅವಳಿಗೆ ಅದು ಕೇಳುತ್ತಿರಲಿಲ್ಲ. ಸ್ವಲ್ಪ ಮೆಲ್ಲಗೆ ತೊಳಿ ತಮ್ಮಾ ಎಂದು ಒಂದೆರಡು ಸಲ ಹೇಳಿದ್ದಳು. ಯಾಕೆಂದು ನಾನು ಕೇಳಿರಲಿಲ್ಲ.

ಎಲ್ಲರೂ ಹೇಳುತ್ತಿದ್ದುದು ಒಂದೇ ಮಾತು. ಅದು ವಂಶದ ಕಣ್ಣು. ಅತ್ತೆಗೂ ಹಾಗೇ ಆಯಿತು, ಇವಳಿಗೂ ಹಾಗೇ ಆಗುತ್ತಿದೆ, ಆ ಮನೆಯ ಹೆಂಗಸರ ಕಣ್ಣಿಗೆ ಆಯಸ್ಸು ಅಷ್ಟೇ. ದೊಡ್ಡಣ್ಣ ಹೇಳುತ್ತಿದ್ದ, ಯಜಮಾನರು ಹೇಳುತ್ತಿದ್ದರು, ಅಕ್ಕ ತಾನೇ ಹೇಳುತ್ತಿದ್ದಳು. ನಾನೂ ತಲೆಯಾಡಿಸಿದವನೇ. ಮೂರು ವರ್ಷ ಕಾಲೇಜಿನಲ್ಲಿ ಉಷ್ಣದ ಪಾಠ ಓದಿ, ಎರಡು ವರ್ಷ ಅವಳ ಪಕ್ಕದಲ್ಲಿ ನಿಂತು, ತಲೆಯಾಡಿಸಿದೆ.

ಬೋರ್ಡು ಓದಲಿಕ್ಕೆ ಒಬ್ಬರು ಬೇಕು ಎಂದು ಅವಳು ಆಸ್ಪತ್ರೆಗೆ ನನ್ನನ್ನು ಕರೆದುಕೊಂಡು ಹೋದಳು. ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ದೀಪ ಹಾಯಿಸಿ ಎರಡೂ ಕಣ್ಣು ನೋಡಿದರು. ಎಡಗಣ್ಣಿನ ಪೊರೆ ಪೂರ್ತಿ ಹಣ್ಣಾಗಿದೆ, ಬಲಗಣ್ಣಿನಲ್ಲೂ ಶುರುವಾಗಿದೆ ಎಂದರು. ನಲವತ್ತೆರಡಕ್ಕೆ ಇದು ಬೇಗ ಆಯಿತು, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದರು. ಅಕ್ಕ ತಯಾರಾಗಿದ್ದಳು. ನಮ್ಮತ್ತೆಗೂ ಹೀಗೇ ಆಗಿತ್ತು, ಇದು ವಂಶದ್ದು ಎಂದಳು. ಡಾಕ್ಟರು ಬರೆಯುತ್ತಿದ್ದ ಪೆನ್ನು ಎತ್ತಿದರು.

"ಅತ್ತೆ ಕಣ್ಣು ಸೊಸೆಗೆ ಹೆಂಗಮ್ಮಾ ಬರುತ್ತೆ?"

ಗೋಡೆಯ ಫ್ಯಾನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿತು. ಡಾಕ್ಟರು ಅವಳ ಕೆಲಸ ಏನೆಂದು ಕೇಳಿದರು. ಆಮೇಲೆ ಎಷ್ಟು ವರ್ಷ ಎಂದು ಕೇಳಿದರು. ಆಮೇಲೆ ಬೆಂಕಿ ಎಷ್ಟು ದೂರ ಎಂದು ಕೇಳಿದರು. ಅಕ್ಕ ಮುಖದ ಮುಂದೆ ಅಂಗೈ ಹಿಡಿದು ತೋರಿಸಿದಳು. ಎಡಗಣ್ಣಿಗೆ ಆಪರೇಷನ್ ಮಾಡಬಹುದು, ಆದರೆ ಆ ಬೆಂಕಿಯ ಮುಂದೆ ಇನ್ನು ನಿಲ್ಲಬಾರದು, ನಿಂತರೆ ಬಲಗಣ್ಣೂ ಅದೇ ದಾರಿ ಹಿಡಿಯುತ್ತದೆ ಎಂದು ಡಾಕ್ಟರು ಒಂದೊಂದು ಪದ ಬಿಡಿಸಿ ಹೇಳಿದರು.

ಬಸ್ಸಿನಲ್ಲಿ ಅವಳು, ಇದು ಹೇಗೆ ಆಗುತ್ತದೆ ಹೇಳು ಎಂದಳು. ನನಗೆ ಗೊತ್ತಿದ್ದುದನ್ನು ಹೇಳಿದೆ. ಜಾಲರಿಯ ಕೆಂಪು ಬೆಳಕು ಕಣ್ಣಿಗೆ ಕಾಣುತ್ತದೆ, ಅದರ ಜೊತೆ ಕಾಣದ ಕಿರಣವೂ ಬರುತ್ತದೆ, ಕಾವೆಲ್ಲ ಹೆಚ್ಚಾಗಿ ಇರುವುದು ಅದರಲ್ಲೇ. ಚರ್ಮಕ್ಕೆ ಬಿಸಿಯಾದರೆ ರಕ್ತ ಹರಿದು ಆ ಬಿಸಿಯನ್ನು ಒಯ್ಯುತ್ತದೆ. ಕಣ್ಣೊಳಗಿನ ಮಸೂರದಲ್ಲಿ ರಕ್ತವೇ ಇಲ್ಲ, ಬಿಸಿ ಅಲ್ಲೇ ಕೂರುತ್ತದೆ. ಮೊಟ್ಟೆಯ ಲೋಳೆ ಬೆಂದು ಬೆಳ್ಳಗಾದ ಹಾಗೆ ಅದು ವರ್ಷ ವರ್ಷಕ್ಕೆ ಬೆಳ್ಳಗಾಗುತ್ತದೆ. ಬೆಂದದ್ದು ಮತ್ತೆ ತಿಳಿಯಾಗುವುದಿಲ್ಲ.

ಅವಳು ಕೇಳಿಸಿಕೊಂಡಳು. ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನು ಅವಳು ಕೇಳಿದಳು.

"ಹಂಗಿದ್ರೆ ಉದ್ದಣ್ಣಂಗೆ ಯಾಕ್ ಆಗ್ಲಿಲ್ಲ?"

ಉದ್ದಣ್ಣ ಆ ಗ್ರಿಲ್ಲಿನ ಮೊದಲ ಕೆಲಸಗಾರ. ಅವಳ ಅತ್ತೆಗಿಂತ ಮುಂಚೆ ಅಲ್ಲಿ ಹದಿನಾಲ್ಕು ವರ್ಷ ನಿಂತವನು. ಈಗ ಎಪ್ಪತ್ತು ದಾಟಿದ್ದಾನೆ. ನಮ್ಮ ಬೀದಿಯ ತುದಿಯಲ್ಲಿ ಹರಿದ ಬಟ್ಟೆ ಹೊಲಿಯುತ್ತ ಕೂರುತ್ತಾನೆ, ಸೂಜಿಗೆ ತಾನೇ ದಾರ ಪೋಣಿಸುತ್ತಾನೆ. ನಾನು ಉತ್ತರ ಹುಡುಕುತ್ತಿರುವಾಗ ಅಕ್ಕ ತನ್ನ ಎದೆಯ ಮೇಲೆ ಅಂಗೈ ಅಡ್ಡ ಹಿಡಿದಳು. ಅವನಿಗೆ ಪೆಟ್ಟಿಗೆ ಇಲ್ಲಿಗೆ ಬರುತ್ತಿತ್ತು ಎಂದಳು. ಅವನು ಮೇಲಿನಿಂದ ಬಗ್ಗಿ ನೋಡುತ್ತಿದ್ದ, ಬೆಂಕಿ ಅವನ ಅಂಗಿಗೆ ಬಡಿಯುತ್ತಿತ್ತು. ಆಮೇಲೆ ಅವಳು ಕೈ ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದಳು. ಅಷ್ಟೇ ಲೆಕ್ಕ. ನಾನು ಏನೂ ಸೇರಿಸಬೇಕಾಗಿರಲಿಲ್ಲ.

ಮರುದಿನ ಒಂದು ಹಾಲಿನ ಕ್ರೇಟನ್ನು ಬೋರಲು ಹಾಕಿ ಅದರ ಮೇಲೆ ನಿಂತು ಕೆಲಸ ಮಾಡಿದಳು. ಎರಡನೇ ದಿನ ಎಣ್ಣೆ ಚೆಲ್ಲಿದ ನೆಲದಲ್ಲಿ ಕ್ರೇಟು ಜಾರಿತು. ಬಿಸಿ ಟ್ರೇ ಸಮೇತ ಬಿದ್ದಳು. ಮೊಣಕೈ ಸುಲಿಯಿತು. ಯಜಮಾನರು ಬಂದು ಕ್ರೇಟನ್ನು ಕಾಲಲ್ಲಿ ನೂಕಿ, ಸರ್ಕಸ್ ಮಾಡಬೇಡ ಎಂದರು. ಪೆಟ್ಟಿಗೆಯನ್ನೇ ಸ್ವಲ್ಪ ಇಳಿಸಿಕೊಡಿ ಎಂದು ಅವಳು ಕೇಳಿದಳು. ಗೋಡೆ ಒಡೆಯಬೇಕಾಗುತ್ತದೆ, ಎರಡು ದಿನ ಬಾಗಿಲು ಹಾಕಬೇಕಾಗುತ್ತದೆ, ಆಗದ ಮಾತು ಎಂದರು.

ವಾರಕ್ಕೊಮ್ಮೆ ರಜೆಯ ದಿನ ಬೆಳಿಗ್ಗೆ ಗೋಡೆ ಉಜ್ಜುವ ಕೆಲಸ ನನ್ನದು. ಗ್ರಿಲ್ಲಿನ ಹಿಂದೆ ಯಾರೂ ಕೈ ಹಾಕುತ್ತಿರಲಿಲ್ಲ, ಜಿಡ್ಡು ಹೆಪ್ಪುಗಟ್ಟಿ ಡಾಂಬರಿನಂತಾಗಿತ್ತು. ಆ ವಾರ ನಾನು ಅಲ್ಲಿಗೆ ಕೈ ಹಾಕಿದೆ. ಪೆಟ್ಟಿಗೆ ನಿಂತಿದ್ದುದು ಗೋಡೆಗೆ ಬಡಿದ ಎರಡು ಕಬ್ಬಿಣದ ಪಟ್ಟಿಗಳ ಮೇಲೆ, ನಾಲ್ಕು ಬೋಲ್ಟುಗಳಲ್ಲಿ. ಪಟ್ಟಿಗಳು ಪೆಟ್ಟಿಗೆಗಿಂತ ಕೆಳಗೂ ಇಳಿದಿದ್ದವು. ಕರಟಿದ ಜಿಡ್ಡನ್ನು ಚಾಕುವಿನಿಂದ ಕೆರೆದಾಗ ತುದಿ ಒಂದು ಕಡೆ ಒಳಗೆ ಹೋಯಿತು. ತೂತು. ಅದರ ಪಕ್ಕದ ಪಟ್ಟಿಯಲ್ಲಿ, ಅದೇ ಮಟ್ಟದಲ್ಲಿ, ಇನ್ನೊಂದು. ಹುಡುಕಿದೆ, ನಾಲ್ಕೂ ಸಿಕ್ಕವು. ಬೇರೆ ಎತ್ತರದವರು ಬಂದಾರು ಎಂದು ಪೆಟ್ಟಿಗೆ ಮಾಡಿದವರೇ ಬಿಟ್ಟಿದ್ದ ತೂತುಗಳು. ಕೈಯಿಂದ ಅಳೆದೆ. ಈಗಿನ ಬೋಲ್ಟಿಗೂ ಅದಕ್ಕೂ ನಡುವೆ ಸರಿಯಾಗಿ ಒಂದು ಗೇಣು.

ಅಕ್ಕನಿಗೆ ತೋರಿಸಿದೆ. ಅವಳು ಬೆರಳು ತೂರಿಸಿ ನೋಡಿದಳು. ಕಣ್ಣಿಗಿಂತ ಬೆರಳನ್ನು ಹೆಚ್ಚು ನಂಬುವುದು ಅವಳಿಗೆ ಆಗಲೇ ಅಭ್ಯಾಸವಾಗಿತ್ತು.

ಯಜಮಾನರಿಗೆ ಹೇಳಿದಳು. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ತೂತು ಇರುವುದು ಅವರಿಗೆ ಗೊತ್ತಿತ್ತು. ಪೆಟ್ಟಿಗೆಯ ಕೆಳಗೆ ಒಂದು ಹಲಗೆ ಇತ್ತು, ಅದರ ಮೇಲೆ ಎಂಬತ್ತು ತಟ್ಟೆಗಳನ್ನು ಪೇರಿಸುತ್ತಿದ್ದೆವು. ಪೆಟ್ಟಿಗೆ ಇಳಿದರೆ ಹಲಗೆ ತೆಗೆಯಬೇಕು.

"ತಟ್ಟೆ ಎಲ್ಲಿಡೋದು? ನಿನ್ ತಲೆ ಮೇಲಾ?" ಎಂದು ಕೇಳಿ ಅವರು ಹೊರಗೆ ಹೋದರು. ದೊಡ್ಡಣ್ಣ ಕೇಳಿಯೂ ಕೇಳದವನಂತೆ ಸಾರು ತಿರುವುತ್ತಿದ್ದ. ಅಕ್ಕ ತಿರುಗಿ ಗ್ರಿಲ್ ಹೊತ್ತಿಸಿದಳು. ಚೀಟಿಗಳು ಬರುತ್ತಿದ್ದವು.

ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ತಟ್ಟೆ ಹತ್ತಿಸಿದವರು ಅದನ್ನು ತಿನ್ನಬೇಕು. ಕಿಂಡಿಯ ಪಕ್ಕ ನಿಂತು, ಎಲ್ಲರ ಮುಂದೆ, ಪೂರ್ತಿ. ಹಾಳು ಮಾಡಿದ್ದಕ್ಕೆ ಬುದ್ಧಿ ಬರಲಿ ಎಂದು ಯಜಮಾನರ ತಂದೆಯ ಕಾಲದಲ್ಲಿ ಮಾಡಿದ್ದಂತೆ. ಹೊಸಬರಿಗೆ ಆದಾಗ ಎಲ್ಲರೂ ನಗುತ್ತಿದ್ದರು. ಅಕ್ಕನಿಗೆ ಆ ತಿಂಗಳು ಇದು ಆರನೇ ಸಲ. ಯಾರೂ ನಗಲಿಲ್ಲ.

ಮಧ್ಯಾಹ್ನ ಒಂದೂವರೆ ಗಂಟೆ. ಹೊರಗೆ ಮೇಜುಗಳೆಲ್ಲ ತುಂಬಿದ್ದವು. ಎಡಮೂಲೆ ಕಪ್ಪಾದ ಆಲೂಗಡ್ಡೆಯ ತಟ್ಟೆಯೊಂದು ವಾಪಸ್ ಬಂತು, ಅದರ ಹಿಂದೆಯೇ ಯಜಮಾನರು ಬಂದರು. ಏನೂ ಹೇಳದೆ ತಟ್ಟೆಯನ್ನು ಕಿಂಡಿಯ ಮೇಲಿಟ್ಟರು. ಅಕ್ಕ ಚಮಚ ತೆಗೆದುಕೊಂಡು ತಿನ್ನತೊಡಗಿದಳು. ಒಳಗಿನ ಆಲೂಗಡ್ಡೆ ಕುದಿಯುತ್ತಿತ್ತು, ನಾಲಿಗೆ ಸುಟ್ಟಿರಬೇಕು. ಕಪ್ಪು ಹಕ್ಕಳೆಯನ್ನು ಹಲ್ಲಿನಿಂದ ಬಿಡಿಸಿ ನುಂಗಿದಳು. ಗ್ರಿಲ್ಲಿನ ಒಳಗೆ ಇನ್ನೆರಡು ತಟ್ಟೆ ಇದ್ದವು. ತಿನ್ನುತ್ತಲೇ ಕಿವಿ ಅತ್ತ ಕೊಟ್ಟಿದ್ದಳು. ಚಿಟಿಚಿಟಿ ಕೇಳಿದ ಕೂಡಲೆ ಚಮಚ ಇಟ್ಟು ಇಕ್ಕಳದಿಂದ ಅವನ್ನು ತೆಗೆದು, ಮತ್ತೆ ಬಂದು ತಿಂದಳು. ನಾನು ನಲ್ಲಿ ನಿಲ್ಲಿಸಿ ನೋಡುತ್ತಿದ್ದೆ. ಅವಳ ಮುಖದಲ್ಲಿ ಅವಮಾನ ಇರಲಿಲ್ಲ, ಸಿಟ್ಟಿರಲಿಲ್ಲ. ದಣಿವು ಮಾತ್ರ ಇತ್ತು. ಇದೂ ಒಂದು ಕೆಲಸ, ಮುಗಿಸಿದರೆ ಮುಂದಿನದು ಎನ್ನುವ ಹಾಗೆ.

ತಟ್ಟೆ ಖಾಲಿಯಾಯಿತು. ಯಜಮಾನರ ದನಿ ಮೆತ್ತಗಾಯಿತು. ಅವರು ನಿಜವಾಗಿಯೂ ಒಳ್ಳೆಯದನ್ನೇ ಹೇಳುತ್ತಿದ್ದೇನೆ ಅಂದುಕೊಂಡಿದ್ದರು ಎಂದು ನನಗೆ ಈಗಲೂ ಅನಿಸುತ್ತದೆ. ನಿನ್ನ ಕೈಲಿ ಇನ್ನು ಆಗುವುದಿಲ್ಲ, ನೀನು ಹಿಂದೆ ಕೂತು ಈರುಳ್ಳಿ ಬಿಡಿಸಿಕೊಂಡಿರು ಎಂದರು. ಮಗಳಿಗೆ ಹತ್ತೊಂಬತ್ತು ಆಯಿತಲ್ಲ, ಸೋಮವಾರದಿಂದ ಅವಳನ್ನು ಕಳಿಸು, ಜಾಗ ನಿಮ್ಮ ಮನೆಯಲ್ಲೇ ಉಳಿಯಲಿ ಎಂದರು.

ಮಗಳನ್ನು ನಾನು ನೋಡಿದ್ದೆ. ಔಷಧಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಳು. ಡಬ್ಬಿಯ ಮೇಲಿನ ಸಾಸಿವೆ ಕಾಳಿನಷ್ಟು ಅಕ್ಷರವನ್ನು ದೂರದಿಂದ ಓದಿ ತಾಯಿಯನ್ನು ನಗಿಸುತ್ತಿದ್ದಳು. ತಾಯಿಯಷ್ಟೇ ಎತ್ತರ.

ಅಕ್ಕ ಬಾಯಿ ಒರೆಸಿಕೊಂಡಳು.

"ಅವಳ ಕಣ್ಣು ಚೆನ್ನಾಗಿದೆ ಯಜಮಾನ್ರೇ."

"ಅದಕ್ಕೇ ಕೇಳ್ತಿರೋದು."

"ಅದಕ್ಕೇ ಕೊಡಲ್ಲ."

ಜೋರಾಗಿ ಹೇಳಲಿಲ್ಲ. ಚೀಟಿ ಓದಿ ಹೇಳುವ ದನಿಯಲ್ಲೇ ಹೇಳಿದಳು. ಆಮೇಲೆ ಪೆಟ್ಟಿಗೆಯ ಪಕ್ಕಕ್ಕೆ ಕೈ ಚಾಚಿ ಗ್ಯಾಸಿನ ತಿರುಪು ಮುಚ್ಚಿದಳು. ಜಾಲರಿ ಕೆಂಪಿನಿಂದ ಕಂದಿಗೆ, ಕಂದಿನಿಂದ ಬೂದಿಗೆ ಇಳಿಯಿತು. ಊಟದ ಹೊತ್ತಿನಲ್ಲಿ ಅದು ಆರಿದ್ದನ್ನು ನಾನು ಮೊದಲ ಸಲ ನೋಡಿದೆ.

ಕಿಂಡಿಯಲ್ಲಿ ಒಂಬತ್ತು ಚೀಟಿ ನೇತಾಡುತ್ತಿದ್ದವು. ಯಜಮಾನರು ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಸೈನ್ಸು, ನೀನು ಬಾ. ಎಷ್ಟ್ ದಿನ ಎಂಜಲು ತೊಳೀತೀಯ?"

ಅದು ಬಡ್ತಿ. ಆ ಮಾತಿಗಾಗಿ ನಾನು ಎರಡು ವರ್ಷ ಕಾದಿದ್ದೆ. ನೀರಿನಲ್ಲಿ ನೆನೆದು ನನ್ನ ಬೆರಳಸಂದುಗಳ ಚರ್ಮ ಬಿಟ್ಟುಕೊಂಡಿತ್ತು. ಆದರೆ ನಾನು ಅಕ್ಕನಿಗಿಂತ ಎರಡು ಬೆರಳು ಎತ್ತರ, ಅಷ್ಟೇ. ಎರಡು ಬೆರಳಿಗೆ ಎಷ್ಟು ವರ್ಷ ಹೆಚ್ಚು ಸಿಗುತ್ತದೆ ಎಂದು ಮನಸ್ಸು ತಾನಾಗಿ ಲೆಕ್ಕ ಹಾಕಿತು. ನಾನು ಕದಲಲಿಲ್ಲ. ಅದನ್ನು ಧೈರ್ಯ ಎಂದು ಕರೆದರೆ ಸುಳ್ಳಾಗುತ್ತದೆ. ಹೆದರಿಕೆಯೇ ನನ್ನನ್ನು ಅಲ್ಲಿ ಹಿಡಿದಿತ್ತು. ಇಳಿಸಿದರೆ ನಿಲ್ಲುತ್ತೇನೆ, ಇಲ್ಲವಾದರೆ ಇಲ್ಲ ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ. ಎರಡನೇ ಸಲ ಹೇಳಬೇಕಾಯಿತು.

ಯಜಮಾನರು ಬಾಯಿಗೆ ಬಂದದ್ದೆಲ್ಲ ಅಂದರು. ಉಂಡ ಮನೆಗೆ ಎರಡು ಬಗೆಯುವವರು ಎಂದರು. ಕೊನೆಗೆ ದೊಡ್ಡಣ್ಣನನ್ನು ನೋಡಿದರು. ಅವನು ಸಾರಿನ ಸೌಟು ಬದಿಗಿಟ್ಟು, ಒಲೆ ಸಣ್ಣ ಮಾಡಿ, ಮೂಲೆಯ ಡಬ್ಬದಲ್ಲಿ ತಡಕಾಡಿ ಸ್ಪ್ಯಾನರ್ ತೆಗೆದ.

"ಪೆಟ್ಟಿಗೆ ಆರೋಕೆ ಅರ್ಧ ಗಂಟೆ ಬೇಕು ಯಜಮಾನ್ರೇ. ಹೊರಗೆ ಹೇಳ್ಬಿಡಿ, ಗ್ರಿಲ್ಲಿನದು ಲೇಟಾಗುತ್ತೆ ಅಂತ."

ಯಜಮಾನರು ಕಿಂಡಿಯ ಚೀಟಿಗಳನ್ನು ನೋಡಿದರು. ಹೊರಗಿನಿಂದ ಯಾರೋ ಕೂಗಿದರು. ಹೋದರು.

ನಾನು ಎಂಬತ್ತು ತಟ್ಟೆಗಳನ್ನು ಇಳಿಸಿ ಸಿಂಕಿನ ಪಕ್ಕದ ಬಾಗಿಲಿಲ್ಲದ ಕಪಾಟಿಗೆ ಸಾಗಿಸಿದೆ. ಅದರಲ್ಲಿ ಹಳೇ ಕ್ಯಾಲೆಂಡರು, ಮುರಿದ ಮಿಕ್ಸಿ ಇದ್ದವು. ಅವನ್ನು ಹೊರಗೆ ಹಾಕಿದ ಮೇಲೂ ಇನ್ನಷ್ಟು ತಟ್ಟೆಗೆ ಜಾಗ ಉಳಿಯಿತು. ಕಬ್ಬಿಣ ತಣಿಯುತ್ತ ಟಣ್ ಟಣ್ ಎನ್ನುತ್ತಿತ್ತು. ಮುಟ್ಟುವ ಹಾಗಾದಾಗ ನಾನು, ದೊಡ್ಡಣ್ಣ ಎರಡು ಬದಿಗೆ ಹೆಗಲು ಕೊಟ್ಟೆವು. ಬೋಲ್ಟು ಬಿಚ್ಚಿದ್ದು ಅಕ್ಕ. ಮೂರು ಸಲೀಸಾಗಿ ಬಂದವು, ನಾಲ್ಕನೆಯದು ತುಕ್ಕು ಹಿಡಿದಿತ್ತು. ಅದಕ್ಕೆ ಎಣ್ಣೆ ಬಿಟ್ಟು, ಸ್ಪ್ಯಾನರಿನ ಹಿಡಿಗೆ ಸೌಟಿನಿಂದ ಬಡಿದು, ಹಲ್ಲು ಕಚ್ಚಿ ತಿರುಗಿಸಿದಳು. ಭಾರ ನಮ್ಮ ಹೆಗಲಿಗೆ ಬಂತು.

"ಬೇಗ ಅಮ್ಮಾ, ಇದು ನಿಮ್ಮತ್ತೆಗಿಂತ ಭಾರ ಇದೆ" ಎಂದ ದೊಡ್ಡಣ್ಣ. ಅಕ್ಕ ನಕ್ಕಳು. ಆ ದಿನ ನಕ್ಕದ್ದು ಅದೊಂದೇ.

ಇಳಿಸಿ, ತೂತಿಗೆ ತೂತು ಕೂಡಿಸಿ, ನಾಲ್ಕೂ ಬಿಗಿದಳು. ಗ್ಯಾಸಿನ ಪೈಪು ಉದ್ದ ಸಾಕಷ್ಟಿತ್ತು. ಗೋಡೆಯ ಒಂದು ಟೈಲೂ ಒಡೆಯಲಿಲ್ಲ. ಕಿಂಡಿಯ ಮೇಲಿನ ಗಡಿಯಾರ ನೋಡಿದೆ. ತಣಿಯಲು ಬಿಟ್ಟ ಹೊತ್ತು ಕಳೆದರೆ ಕೆಲಸ ಹಿಡಿದದ್ದು ಹದಿನಾರು ನಿಮಿಷ.

ಪೆಟ್ಟಿಗೆಯ ತಲೆ ಈಗ ಅಕ್ಕನ ಗಲ್ಲಕ್ಕಿಂತ ಕೆಳಗಿತ್ತು. ಹನ್ನೊಂದು ವರ್ಷದಲ್ಲಿ ಅವಳು ಅದರ ಮೇಲ್ಭಾಗವನ್ನು ನೋಡಿಯೇ ಇರಲಿಲ್ಲ. ಬೆರಳು ದಪ್ಪದ ಧೂಳು, ಒಂದು ಸತ್ತ ಜಿರಲೆ. ಒದ್ದೆ ಬಟ್ಟೆಯಿಂದ ಅದನ್ನೆಲ್ಲ ಒರೆಸಿದಳು. ಗ್ರಿಲ್ ಹೊತ್ತಿಸಿ, ಮೊದಲ ಚೀಟಿಯ ಆಲೂಗಡ್ಡೆ ಇಟ್ಟು, ಒಂದು ಹೆಜ್ಜೆ ಹಿಂದೆ ನಿಂತು ಮೇಲಿನಿಂದ ನೋಡಿದಳು. ಮುಖ ತಿರುಗಿಸಲಿಲ್ಲ, ತಲೆ ಓರೆ ಮಾಡಲಿಲ್ಲ. ತಟ್ಟೆ ಅಂಚಿನಿಂದ ಅಂಚಿಗೆ ಒಂದೇ ಬಣ್ಣದಲ್ಲಿ ಬಂತು. ಅದನ್ನು ಕಿಂಡಿಗೆ ದಾಟಿಸಿ ಏಪ್ರನ್ನಿನ ಗಂಟು ಬಿಚ್ಚಿದಳು.

ಯಜಮಾನರು ಒಳಗೆ ಬಂದಿದ್ದರು. ಇಳಿಸಿ ಆಯಿತಲ್ಲ, ಇನ್ನೇನು ನಿನ್ನ ತಕರಾರು ಎಂದರು. ಆಪರೇಷನ್ನಿಗೆ ಹೋಗುತ್ತೇನೆ ಎಂದಳು. ಹೋದರೆ ಜಾಗ ಇರುವುದಿಲ್ಲ ಎಂದರು ಅವರು. ಅವಳು ಏಪ್ರನ್ ಮಡಿಸಿ ನನ್ನ ಕೈಗೆ ಕೊಟ್ಟಳು.

"ನೀನು ನಿಲ್ಲು ತಮ್ಮಾ. ಈಗ ನಿಲ್ಲಬಹುದು."

ಹಿಂಬಾಗಿಲಲ್ಲಿ ಎಡಗಾಲಿನ ಚಪ್ಪಲಿ ಕಾಣದೆ ಕಾಲಿನಿಂದ ತಡವಿ ಹಾಕಿಕೊಂಡು ಹೋದಳು.

ಎಂಟು ಚೀಟಿ ಉಳಿದಿದ್ದವು. ನಾನು ಏಪ್ರನ್ ಕಟ್ಟಿಕೊಂಡು ಅವಳ ಜಾಗದಲ್ಲಿ ನಿಂತೆ. ಬೆಂಕಿ ಎದೆಯ ಮಟ್ಟದಲ್ಲಿ ಉರಿಯುತ್ತಿತ್ತು. ಮೊದಲ ತಟ್ಟೆ ಇಟ್ಟು, ಅಕ್ಕ ಮಾಡುತ್ತಿದ್ದ ಹಾಗೆ ಕಣ್ಣು ಕಿರಿದು ಮಾಡಿ ಕಾವಿಗೆ ಕಾದೆ. ಅಂಗಿ ಬೆಚ್ಚಗಾಯಿತು. ಮುಖಕ್ಕೆ ಏನೂ ತಾಗಲಿಲ್ಲ. ಕಣ್ಣು ಪೂರ್ತಿ ಬಿಟ್ಟೆ. ಆಗಲೂ ತಾಗಲಿಲ್ಲ. ಅದು ಇಷ್ಟು ಸುಲಭವಿತ್ತು. ನನಗೆ ಸಿಟ್ಟು ಬಂದದ್ದು ಆಗ, ಮತ್ತು ಅದು ಇನ್ನೂ ಇಳಿದಿಲ್ಲ.